ದೇಹದ ಆಕಾರ ನೋಡಿ ಎಣ್ಣೆ ಅಳೆಯಬೇಕೇ?

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಹಬ್ಬಕ್ಕೋ ಅರಿಶಿನ ಕುಂಕುಮಕ್ಕೋ ನಾಲ್ಕು ಜನ ಸೇರಿದರೆ ಈಚೆಗೆ ಮಾತು ಸುತ್ತಿ ಬಳಸಿ ತೂಕದ ವಿಷಯಕ್ಕೇ ಬಂದು ನಿಲ್ಲುತ್ತದೆ. ಹೊಟ್ಟೆಯ ಸುತ್ತ ಬೊಜ್ಜಿರುವವರು ಎಣ್ಣೆ ತುಪ್ಪ ಬಿಡಬೇಕು, ಸೊಂಟ ತೊಡೆಗಳಲ್ಲಿ ಬೊಜ್ಜಿರುವವರು ಅನ್ನ ರೊಟ್ಟಿ ಕಡಿಮೆ ಮಾಡಬೇಕು ಎಂದು ಒಬ್ಬರು ಹೇಳಿದರೆ, ಇನ್ನೊಬ್ಬರ ಮೊಬೈಲಿನಲ್ಲಿರುವ ಪಟ್ಟಿ ಇದಕ್ಕೆ ತದ್ವಿರುದ್ಧವಾಗಿರುತ್ತದೆ. ನಾನು ಓದಿ ತಿಳಿದುಕೊಂಡ ಮಟ್ಟಿಗೆ ಈ ಎರಡು ಪಟ್ಟಿಗಳಿಗೂ ಗಟ್ಟಿ ಆಧಾರವಿಲ್ಲ. ದೇಹದ ಆಕಾರದಿಂದ ನಮಗಿರುವ ಅಪಾಯ ಎಷ್ಟೆಂದು ತಿಳಿಯಬಹುದು; ಊಟದಲ್ಲಿ ಎಷ್ಟು ಜಿಡ್ಡಿರಬೇಕೆಂದು ಅದರಿಂದ ತಿಳಿಯುವುದಿಲ್ಲ.

ಅಪಾಯದ ಮಾತು ಮಾತ್ರ ನಿಜ. ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾನ್ ವಾಗ್ 1947ರಲ್ಲಿಯೇ, ದೇಹದ ಮೇಲ್ಭಾಗದಲ್ಲಿ ಶೇಖರವಾಗುವ ಬೊಜ್ಜಿಗೂ ಸೊಂಟದ ಕೆಳಗೆ ಶೇಖರವಾಗುವ ಬೊಜ್ಜಿಗೂ ವ್ಯತ್ಯಾಸವಿದೆ, ಮೊದಲನೆಯದರ ಜೊತೆ ಸಕ್ಕರೆ ಕಾಯಿಲೆಯಂತಹ ತೊಂದರೆಗಳು ಹೆಚ್ಚಾಗಿ ಬರುತ್ತವೆ ಎಂದು ಗುರುತಿಸಿದ್ದರು. ಕರುಳಿನ ಸುತ್ತ ಕೂಡಿಕೊಂಡ ಕೊಬ್ಬಿನಿಂದ ಹೊರಬೀಳುವ ಕೊಬ್ಬಿನಾಮ್ಲಗಳು ರಕ್ತದ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತವೆ, ಯಕೃತ್ತಿನಲ್ಲಿ ಕೊಬ್ಬು ಸೇರಿದಂತೆಲ್ಲ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದಂತಾಗುತ್ತದೆ. ತೊಡೆಯ ಚರ್ಮದಡಿಯ ಕೊಬ್ಬು ಅಷ್ಟು ಕೇಡು ಮಾಡುವುದಿಲ್ಲ.

ಈ ವಿಷಯದಲ್ಲಿ ನಾವಿರುವ ಊರಿನದೇ ಒಂದು ದೊಡ್ಡ ಕೊಡುಗೆಯಿದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಕ್ಕಪಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೂಡ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. ನೋಡುವುದಕ್ಕೆ ತೆಳ್ಳಗಿದ್ದು ಒಳಗೆ ಕೊಬ್ಬು ತುಂಬಿರುವ ಈ ಮೈಕಟ್ಟು ಹುಟ್ಟಿನಿಂದಲೇ ಬರುತ್ತದೆಂಬುದನ್ನು ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ 1993ರಲ್ಲಿ ಆರಂಭವಾದ ಗರ್ಭಿಣಿಯರ ಅಧ್ಯಯನ ತೋರಿಸಿಕೊಟ್ಟಿತು: ಅಲ್ಲಿನ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5 ಕಿಲೋ, ಪುಣೆಯ ಮಕ್ಕಳಲ್ಲಿ ಸ್ನಾಯು ಬಹಳ ಕಡಿಮೆಯಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆಯಿರಲಿಲ್ಲ. ಹೀಗಿರುವಾಗ ಕನ್ನಡಿಯ ಮುಂದೆ ನಿಂತು ತಮ್ಮದು ಹೊಟ್ಟೆ ದಪ್ಪವಿರುವ ಸೇಬಿನ ಆಕಾರವೋ ಸೊಂಟ ತೊಡೆ ದಪ್ಪವಿರುವ ಪೇರ್ ಹಣ್ಣಿನ ಆಕಾರವೋ ಎಂದು ತೀರ್ಮಾನಿಸಿಕೊಳ್ಳುವುದು ನಮ್ಮಂಥವರಿಗೆ ಸಾಲದು. ಟೇಪು ಹಿಡಿದು ಅಳೆಯಬೇಕು. ಅಳೆಯುವ ಜಾಗ ಸೀರೆಯ ಲಂಗದ ಲಾಡಿ ಕಟ್ಟುವ ಜಾಗವಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದೆಲುಬಿನ ಮೇಲಂಚಿಗೂ ನಟ್ಟನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟ ಮೇಲೆ, ಟೇಪು ಚರ್ಮವನ್ನು ಒತ್ತದಂತೆ ಅಳೆಯಬೇಕು. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ.

ಇನ್ನು ಜಿಡ್ಡಿನ ಪ್ರಮಾಣದ ಮಾತು. ಸೊಂಟದ ಸುತ್ತಳತೆ ಹೆಚ್ಚಿರುವವರಲ್ಲಿ ಇನ್ಸುಲಿನ್ ಹೆಚ್ಚು ಸ್ರವಿಸುತ್ತದೆ, ಆದ್ದರಿಂದ ಅವರು ಕೊಬ್ಬನ್ನು ಕಡಿಮೆ ಮಾಡುವುದಕ್ಕಿಂತ ಪಿಷ್ಟವನ್ನು ಕಡಿಮೆ ಮಾಡಬೇಕು ಎಂಬ ವಾದಕ್ಕೆ 2007ರಲ್ಲಿ ಅಮೆರಿಕದಲ್ಲಿ 73 ಯುವಜನರ ಮೇಲೆ ನಡೆದ ಪ್ರಯೋಗವೊಂದು ಬಲ ಕೊಟ್ಟಿತ್ತು. ಗ್ಲೂಕೋಸ್ ಕುಡಿದ ಅರ್ಧ ಗಂಟೆಗೆ ಇನ್ಸುಲಿನ್ ಹೆಚ್ಚಾಗಿ ಏರುತ್ತಿದ್ದವರು ಕಡಿಮೆ ಕೊಬ್ಬಿನ ಪಥ್ಯಕ್ಕಿಂತ ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಪಿಷ್ಟವನ್ನು ತಗ್ಗಿಸಿದ ಪಥ್ಯದಲ್ಲಿ ಚೆನ್ನಾಗಿ ತೂಕ ಇಳಿಸಿಕೊಂಡಿದ್ದರು. ಆದರೆ ಇದೇ ಊಹೆಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಆ ಅಂತರ ಉಳಿಯಲಿಲ್ಲ. ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕಿಲೋ, ಪಿಷ್ಟ ಕಡಿಮೆ ತಿಂದವರು 6 ಕಿಲೋ ಇಳಿದಿದ್ದರು. ಇನ್ಸುಲಿನ್ ಮಟ್ಟವಾಗಲಿ ಜೀನುಗಳಾಗಲಿ ಯಾರಿಗೆ ಯಾವುದು ಒಗ್ಗುತ್ತದೆಂದು ಮೊದಲೇ ಹೇಳಲು ನೆರವಾಗಲಿಲ್ಲ. ಅದಕ್ಕೂ ಮೊದಲು, 2009ರಲ್ಲಿ, 811 ಜನರ ಮೇಲೆ ನಡೆದ ಎರಡು ವರ್ಷಗಳ ಪ್ರಯೋಗದಲ್ಲಿ ಶೇ. 20 ಕೊಬ್ಬಿನ ಊಟಕ್ಕೂ ಶೇ. 40 ಕೊಬ್ಬಿನ ಊಟಕ್ಕೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಷ್ಟಾದ ಮೇಲೂ ಬರಿಗಣ್ಣಿಗೆ ಕಾಣುವ ಆಕಾರವನ್ನು ನೋಡಿ ಎಣ್ಣೆಯ ಲೆಕ್ಕ ಬರೆದುಕೊಡುವವರನ್ನು ನಂಬುವುದು ನನ್ನಿಂದಾಗದು.

ಆದರೆ ಎಂಥ ಜಿಡ್ಡು ಎಂಬ ಪ್ರಶ್ನೆ ಬೇರೆ, ಹೊಟ್ಟೆಯ ಬೊಜ್ಜಿರುವವರು ಗಮನಿಸಬೇಕಾದದ್ದು ಅದನ್ನೇ. ಸ್ವೀಡನ್ನಿನ ಉಪ್ಸಾಲಾದಲ್ಲಿ 39 ಜನ ಯುವಕ ಯುವತಿಯರಿಗೆ ಏಳು ವಾರ ಮಾಮೂಲಿ ಊಟದ ಮೇಲೆ ಮಫಿನ್‌ಗಳನ್ನು ಕೊಟ್ಟರು. ಅರ್ಧ ಜನರ ಮಫಿನ್ ತಾಳೆ ಎಣ್ಣೆಯದು, ಇನ್ನರ್ಧ ಜನರದು ಸೂರ್ಯಕಾಂತಿ ಎಣ್ಣೆಯದು. ಎರಡೂ ಗುಂಪಿನವರ ತೂಕ ಒಂದೇ ರೀತಿ ಏರಿತು, ಆದರೆ ಯಕೃತ್ತಿನಲ್ಲಿಯೂ ಹೊಟ್ಟೆಯೊಳಗೂ ಕೊಬ್ಬು ಹೆಚ್ಚಾಗಿ ಸೇರಿದ್ದು ತಾಳೆ ಎಣ್ಣೆಯವರಿಗೆ. 2014ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದಂದಿನಿಂದ ನಾನು ಬೇಕರಿಯ ಖಾರಿ, ಬಿಸ್ಕತ್ತು, ಫರಸಾಣಗಳ ಪೊಟ್ಟಣ ತಿರುಗಿಸಿ ಯಾವ ಎಣ್ಣೆಯೆಂದು ನೋಡದೆ ಕೊಳ್ಳುವುದಿಲ್ಲ. ಹೆಚ್ಚಿನವುಗಳಲ್ಲಿ ಬರೆದಿರುವುದು ಪಾಮೋಲಿನ್, ಅಂದರೆ ತಾಳೆ ಎಣ್ಣೆಯೆಂದೇ.

ನಮ್ಮ ಧಾರವಾಡ ಕಡೆಯ ಊಟಕ್ಕೆ ಇದರಿಂದ ಹೆದರಬೇಕಾದದ್ದೇನೂ ಇಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ ಇವುಗಳಲ್ಲಿರುವ ಕೊಬ್ಬು ಬಹುಪಾಲು ಅಪರ್ಯಾಪ್ತ ಕೊಬ್ಬು, ಅಂದರೆ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಾಗಿರುವ ಬಗೆಯದು. ಜೊತೆಗೆ ನಾರೂ ಪ್ರೋಟೀನೂ ಇರುತ್ತವೆ. ಆದರೂ ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ ಎಂಬುದು ಶೇಂಗಾಕ್ಕೂ ಅನ್ವಯಿಸುತ್ತದೆ. ಎಣ್ಣೆಗಾಯಿ ಮಾಡುವಾಗ ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಬದಲು 15 ಮಿಲಿಯ ಚಮಚದಲ್ಲಿ ಅಳೆದು ಹಾಕಿದರೆ, ಒಂದೊಂದು ಚಮಚಕ್ಕೂ ಸುಮಾರು 120 ಕ್ಯಾಲರಿ ಸೇರುತ್ತಿರುವುದು ಲೆಕ್ಕಕ್ಕೆ ಸಿಗುತ್ತದೆ. ಬದನೆಕಾಯಿ ಎಷ್ಟು ಕೊಟ್ಟರೂ ಎಣ್ಣೆ ಕುಡಿಯುವ ತರಕಾರಿಯಾದ್ದರಿಂದ, ಮೊದಲು ಮುಚ್ಚಳ ಹಾಕಿ ನೀರಿನ ಹಬೆಯಲ್ಲಿ ಅರೆ ಬೇಯಿಸಿ ಆಮೇಲೆ ಎಣ್ಣೆಗೆ ಹಾಕುವುದು ಒಳ್ಳೆಯದು. ಇದು ಸೊಂಟ ದಪ್ಪವಿರುವವರಿಗೂ ತೊಡೆ ದಪ್ಪವಿರುವವರಿಗೂ ಒಂದೇ.

ವೈಯಕ್ತಿಕವಾಗಿ ಜಿಡ್ಡಿನ ಪ್ರಮಾಣವನ್ನು ಬಿಗಿಯಾಗಿ ಹಿಡಿಯಬೇಕಾದವರೂ ಇದ್ದಾರೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟಿದವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿರುವುದರಿಂದ ಎಲ್ಲ ಬಗೆಯ ಕೊಬ್ಬನ್ನೂ ತೀರ ಕಡಿಮೆ ಮಾಡಲು ವೈದ್ಯರು ಹೇಳುತ್ತಾರೆ. ಪಿತ್ತಕೋಶದ ಕಲ್ಲಿನಿಂದ ನೋವು ಬರುತ್ತಿರುವವರಿಗೂ ಜಿಡ್ಡಿನ ಊಟ ಒಗ್ಗದಿರಬಹುದು. ಇವರು ತಮ್ಮ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರದಿಗಳನ್ನು ವೈದ್ಯರ ಮುಂದಿಟ್ಟು ಊಟ ನಿರ್ಧರಿಸಿಕೊಳ್ಳಬೇಕು. ಅವರಲ್ಲಿ ತೆಳ್ಳಗಿನವರೂ ಇರುತ್ತಾರೆ.