ಜೂನ್ 1ರೊಳಗೆ ಮೇಲೇರಬೇಕಾದ ಪೆಟ್ಟಿಗೆಗಳು

ಅಮೆರಿಕದ ಹ್ಯೂಸ್ಟನ್ನಿಗೆ ಬಂದು ನೆಲೆಸಿದ ಮೇಲೆ ಮೇ ತಿಂಗಳ ಕೊನೆಯ ಶನಿವಾರ ನನ್ನ ಪಾಲಿಗೆ ಪೆಟ್ಟಿಗೆ ಹೊರುವ ದಿನವಾಗಿಬಿಟ್ಟಿದೆ. ಬಿಡುವಿನಲ್ಲಿ ನಾನು ನೇಪಥ್ಯದ ಕೆಲಸಕ್ಕೆ ಹೋಗುವ ಚಿಕ್ಕ ರಂಗತಂಡವೊಂದು, ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಆರಂಭವಾಗುವ ಜೂನ್ 1ರೊಳಗೆ ತನ್ನ ಉಡುಪು, ಮುಖವಾಡ, ಪರದೆ, ದೀಪಗಳನ್ನೆಲ್ಲ ನೆಲಮಟ್ಟದ ಉಗ್ರಾಣದಿಂದ ಮೇಲಿನ ಕೋಣೆಗೆ ಸಾಗಿಸುತ್ತದೆ. ಆ ಕಾಲ ಮುಗಿಯುವುದು ನವೆಂಬರ್ 30ಕ್ಕೆ, ಅದರ ಬಿರುಸು ಹೆಚ್ಚುವುದು ಸೆಪ್ಟೆಂಬರಿನಲ್ಲಿ. ಇಲ್ಲಿನ ರಂಗಮಂದಿರಗಳು ಹೊಸ ರಂಗವರ್ಷದ ಪ್ರದರ್ಶನಗಳನ್ನು ತೊಡಗಿಸುವುದೂ ಆ ಹೊತ್ತಿಗೇ ಆದ್ದರಿಂದ, ಟಿಕೆಟ್ ಮಾರಾಟವೂ ಚಂಡಮಾರುತದ ಎಚ್ಚರಿಕೆಯೂ ಒಂದೇ ವಾರದಲ್ಲಿ ಬರುವುದುಂಟು.

ಹವಾಮಾನ ಬದಲಾವಣೆಗೂ ನಾಟಕಕ್ಕೂ ಏನು ಸಂಬಂಧ ಎಂದು ಊರಿನಿಂದ ಅಣ್ಣ ಫೋನಿನಲ್ಲಿ ಕೇಳಿದ್ದ. 2017ರ ಆಗಸ್ಟ್ ಕೊನೆಯಲ್ಲಿ ಇಲ್ಲಿಗೆ ಭಾರೀ ಮಳೆ ತಂದ ಹಾರ್ವೆ ಚಂಡಮಾರುತದ ಕಥೆಯನ್ನೇ ನಾನು ಅವನಿಗೆ ಉತ್ತರವಾಗಿ ಹೇಳಿದೆ. ಭೂಮಿ ಬಿಸಿಯಾಗಿರುವುದರಿಂದ ಆ ಮಳೆಯ ಪ್ರಮಾಣ ಸುಮಾರು ಶೇ 15ರಷ್ಟು ಹೆಚ್ಚಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಗರದ ದೊಡ್ಡ ರಂಗಮಂದಿರಗಳಲ್ಲಿ ಹಲವು ಬಫಲೋ ಬಯೂ ಎಂಬ ಹೊಳೆಯ ಮಗ್ಗುಲಿನಲ್ಲಿಯೇ ಇವೆ. ಹೊಳೆ ಉಕ್ಕಿ, ನೀರು ನೆಲದಡಿಯ ಅಂತಸ್ತುಗಳಿಗೆ ನುಗ್ಗಿತು. ಹ್ಯೂಸ್ಟನ್ ಗ್ರ್ಯಾಂಡ್ ಒಪೆರಾ ಎಂಬ ಸಂಗೀತ ನಾಟಕ ತಂಡ ಹಾಗೂ ಹ್ಯೂಸ್ಟನ್ ಬ್ಯಾಲೆ ಎಂಬ ನೃತ್ಯ ತಂಡಗಳ ಮನೆಯಾದ ವರ್ಥಮ್ ರಂಗಕೇಂದ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಕೆಲವೇ ವಾರಗಳ ಹಿಂದೆ ಸಾವಿರಾರು ಸಂತ್ರಸ್ತರು ಮಲಗಿದ್ದ ಸಮಾವೇಶ ಕೇಂದ್ರದಲ್ಲಿಯೇ ಒಪೆರಾ ತಂಡ ತಾತ್ಕಾಲಿಕ ರಂಗಮಂದಿರವೊಂದನ್ನು ಕಟ್ಟಿಕೊಂಡು ಆ ವರ್ಷದ ಪ್ರದರ್ಶನಗಳನ್ನು ನಡೆಸಿತು.

ಈ ಸಾಹಸವನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ಆದರೆ ನನ್ನನ್ನು ಕಾಡಿದ ಸಂಗತಿ ಬೇರೆ. 2001ರ ಜೂನ್‌ನಲ್ಲಿ ಆಲಿಸನ್ ಎಂಬ ಬಿರುಗಾಳಿ ಮಳೆ ಇದೇ ಪ್ರದೇಶವನ್ನು ಮುಳುಗಿಸಿತ್ತು. ಜೋನ್ಸ್ ಹಾಲ್ ಎಂಬ ಸಭಾಂಗಣದ ನೆಲಮಾಳಿಗೆಯಲ್ಲಿದ್ದ ಹ್ಯೂಸ್ಟನ್ ಸಿಂಫನಿ ವಾದ್ಯವೃಂದದ ಸ್ವರಲಿಪಿ ಭಂಡಾರ ಆಗ ನೀರುಪಾಲಾಗಿತ್ತು. ಅಚ್ಚಾದ ಸ್ವರಲಿಪಿಯನ್ನು ಮತ್ತೆ ಕೊಳ್ಳಬಹುದು, ಆದರೆ ಪಿಟೀಲು ವಾದಕರು ಬಿಲ್ಲನ್ನು ಎಲ್ಲಿ ಮೇಲಕ್ಕೆ, ಎಲ್ಲಿ ಕೆಳಕ್ಕೆ ಎಳೆಯಬೇಕೆಂದು ಪೆನ್ಸಿಲಿನಲ್ಲಿ ವರ್ಷಗಟ್ಟಲೆ ಮಾಡಿಕೊಂಡ ಗುರುತುಗಳು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಆಲಿ ಥಿಯೇಟರಿನ ನೆಲದಡಿಯ ರಂಗಸ್ಥಳವಂತೂ 2001ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಮುಳುಗಿತು. ಆಲಿಸನ್‌ನಿಂದ ತತ್ತರಿಸಿದ್ದ ಟೆಕ್ಸಸ್ ಮೆಡಿಕಲ್ ಸೆಂಟರ್ ಮಾತ್ರ ಆಮೇಲೆ ಜಲಾಂತರ್ಗಾಮಿಯಲ್ಲಿರುವಂಥ ಭಾರೀ ಪ್ರವಾಹ ಬಾಗಿಲುಗಳನ್ನು ಹಾಕಿಸಿಕೊಂಡು, ಹಾರ್ವೆಯ ಹೊತ್ತಿನಲ್ಲಿ ತನ್ನ ಕೆಲಸವನ್ನು ಬಹುಮಟ್ಟಿಗೆ ಮುಂದುವರಿಸಿತು. ಆಸ್ಪತ್ರೆಗೂ ರಂಗಮಂದಿರಕ್ಕೂ ಹಣದ ಅಂತರ ಬಹಳವೆಂಬುದನ್ನು ಒಪ್ಪುತ್ತೇನೆ. ಆದರೆ ಕಳೆದರೆ ಮತ್ತೆ ಸಿಗದಂಥ ವಸ್ತುಗಳನ್ನು ಕಟ್ಟಡದ ಅತಿ ತಗ್ಗಿನ ಜಾಗದಲ್ಲಿ ಇಡುವ ಅಭ್ಯಾಸಕ್ಕೆ ಹಣವೊಂದೇ ಕಾರಣವಲ್ಲ. ವೇದಿಕೆ, ಟಿಕೆಟ್ ಕಟ್ಟೆ, ಪ್ರೇಕ್ಷಾಂಗಣಗಳಿಗೆ ಒಳ್ಳೆಯ ಜಾಗ ಕೊಟ್ಟ ಮೇಲೆ ಉಳಿದದ್ದು ನೇಪಥ್ಯದ ಪಾಲಿಗೆ ಎಂಬ ಧೋರಣೆಯೂ ಕಾರಣ. ನ್ಯೂಯಾರ್ಕಿನಲ್ಲಿಯೂ ಹೀಗೆಯೇ ಆಯಿತು. 1926ರಲ್ಲಿ ಹುಟ್ಟಿದ ಮಾರ್ಥಾ ಗ್ರಹಾಂ ನೃತ್ಯ ತಂಡದ ಉಡುಪುಗಳೂ ರಂಗಸಜ್ಜಿಕೆಗಳೂ 2012ರ ಸ್ಯಾಂಡಿ ಚಂಡಮಾರುತದಲ್ಲಿ ನೆಲಮಾಳಿಗೆಯಲ್ಲಿ ನೀರಿನಡಿ ಸಿಕ್ಕಿಕೊಂಡವು.

ವಿಮೆ ಇದೆಯಲ್ಲ ಎಂಬ ಧೈರ್ಯವೂ ಇಲ್ಲಿ ಅರ್ಧ ಮಾತ್ರ ನಿಜ. ಅಮೆರಿಕದಲ್ಲಿ ಕಟ್ಟಡದ ಸಾಮಾನ್ಯ ವಿಮೆಗೆ ಪ್ರವಾಹದ ನಷ್ಟ ಸೇರುವುದಿಲ್ಲ. ಅದಕ್ಕೆ ಪ್ರತ್ಯೇಕ ವಿಮೆ ಬೇಕು, ಕೇಂದ್ರ ಸರ್ಕಾರದ ಯೋಜನೆಯಲ್ಲಿ ಅದನ್ನು ಕೊಂಡರೆ ಸಾಮಾನ್ಯವಾಗಿ 30 ದಿನಗಳ ನಂತರವೇ ಅದು ಜಾರಿಗೆ ಬರುತ್ತದೆ, ಜೊತೆಗೆ ನೆಲಮಾಳಿಗೆಯಲ್ಲಿಟ್ಟ ಸಾಮಾನುಗಳಿಗೆ ಅದರಲ್ಲಿ ದೊರೆಯುವ ರಕ್ಷಣೆ ಬಹಳ ಕಡಿಮೆ. ನಮ್ಮ ತಂಡದ ಖಜಾಂಚಿ ಈ ಕರಾರನ್ನು ಸಭೆಯಲ್ಲಿ ಓದಿ ಹೇಳಿದ ದಿನವೇ ಪೆಟ್ಟಿಗೆಗಳನ್ನು ಮೇಲಕ್ಕೆ ಸಾಗಿಸುವ ತೀರ್ಮಾನವಾಯಿತು.

ಪರ್ಫಾರ್ಮಿಂಗ್ ಆರ್ಟ್ಸ್ ರೆಡಿನೆಸ್ ಎಂಬ ಯೋಜನೆ ಇಂಥ ತಂಡಗಳಿಗಾಗಿಯೇ ಉಚಿತ ಆನ್‌ಲೈನ್ ತರಗತಿಗಳನ್ನು ನಡೆಸಿದೆ. ಅಂಥವುಗಳಿಂದ ನಾವು ಕಲಿತದ್ದು ಬಹುಪಾಲು ಸಪ್ಪೆ ಕೆಲಸಗಳೇ: ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂದು ಬರೆದಿಡುವುದು, ಫೋಟೊ ತೆಗೆದು ಬೇರೆ ಊರಿನಲ್ಲಿ ಒಂದು ಪ್ರತಿ ಉಳಿಸುವುದು, ಒದ್ದೆಯಾದ ಕಾಗದಕ್ಕೆ ಎರಡು ದಿನಗಳೊಳಗೆ ಬೂಷ್ಟು ಹಿಡಿಯಬಹುದಾದ್ದರಿಂದ, ಒಣಗಿಸಲು ಆಗದಿದ್ದರೆ ಅದನ್ನು ಫ್ರೀಜರಿನಲ್ಲಿಟ್ಟು ಕಾಲಾವಕಾಶ ಪಡೆಯುವುದು. ನಾಟಕದ ಮಂದಿಗೆ ಇಂಥ ಶಿಸ್ತು ಒಗ್ಗುವುದಿಲ್ಲವೆಂದುಕೊಂಡಿದ್ದೆ. ಆದರೆ ಪ್ರತಿ ರಾತ್ರಿ ನೂರಾರು ಬೆಳಕಿನ ಸೂಚನೆಗಳನ್ನು ತಪ್ಪಿಲ್ಲದೆ ನಡೆಸುವ ನಮ್ಮ ರಂಗ ನಿರ್ವಾಹಕಿಗೆ ಅದು ನೀರು ಕುಡಿದಷ್ಟು ಸುಲಭವಾಗಿತ್ತು.

ಎಲ್ಲ ಕಡೆಯ ತೊಂದರೆ ನೀರಿನದೇ ಅಲ್ಲ. 1935ರಲ್ಲಿ ಆರಂಭವಾದ ಒರೆಗಾನ್ ಶೇಕ್ಸ್‌ಪಿಯರ್ ಉತ್ಸವ ನಡೆಯುವ ಆಶ್‌ಲ್ಯಾಂಡ್ ಪಟ್ಟಣದಲ್ಲಿ ಸುಮಾರು 1,200 ಆಸನಗಳ ಬಯಲು ರಂಗಮಂದಿರವಿದೆ. 2018ರ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಹೊಗೆ ಕಣಿವೆಯಲ್ಲಿ ತುಂಬಿಕೊಂಡಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಬಯಲು ಪ್ರದರ್ಶನಗಳನ್ನು ರದ್ದುಮಾಡಬೇಕಾಯಿತು ಇಲ್ಲವೇ ಒಳಾಂಗಣಕ್ಕೆ ಸ್ಥಳಾಂತರಿಸಬೇಕಾಯಿತು. ಮರುವರ್ಷ ಹೊಗೆಯ ದಿನಗಳಿಗೆಂದು ಅಲ್ಲಿನ ಪ್ರೌಢಶಾಲೆಯ ರಂಗಮಂದಿರವನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಂಡರು. ನೀರಿಗಿಂತ ಹೊಗೆ ಹೆಚ್ಚು ಕಿರುಕುಳದ್ದೆಂದು ನನಗನ್ನಿಸುತ್ತದೆ. ಚಂಡಮಾರುತ ಬರುವುದು ಕೆಲವು ದಿನ ಮೊದಲೇ ತಿಳಿಯುತ್ತದೆ, ಆದರೆ ಗಾಳಿ ದಿಕ್ಕು ಬದಲಿಸಿದರೆ ಮಧ್ಯಾಹ್ನ ತಿಳಿಯಾಗಿದ್ದ ಆಕಾಶ ಸಂಜೆಗೆ ಮಬ್ಬಾಗುತ್ತದೆ. ಅಮೆರಿಕದ ವಾಯು ಗುಣಮಟ್ಟ ಸೂಚ್ಯಂಕ 150 ದಾಟಿದರೆ ಗಾಳಿ ಎಲ್ಲರಿಗೂ ಅನಾರೋಗ್ಯಕರವೆಂದು ಅರ್ಥ, ಅದನ್ನು ಎಲ್ಲರಿಗಿಂತ ಆಳವಾಗಿ ಒಳಗೆಳೆದುಕೊಳ್ಳುವವರು ಮೈಕ್ ಇಲ್ಲದೆ ಕೊನೆಯ ಸಾಲಿಗೂ ಕೇಳುವಂತೆ ಮಾತನಾಡಬೇಕಾದ ನಟರು. ಯಾವ ಅಂಕಿಗೆ, ಎಷ್ಟು ಗಂಟೆಗೆ, ಯಾರು ರದ್ದುಮಾಡಬೇಕೆಂಬುದನ್ನು ಮೊದಲೇ ಬರೆದಿಡದಿದ್ದರೆ, ಆ ಭಾರ ಕೆಮ್ಮುತ್ತಿರುವ ನಟನ ಮೇಲೆಯೇ ಬೀಳುತ್ತದೆ.

ಇಷ್ಟೆಲ್ಲ ಕಲಿತ ಮೇಲೂ ನಾವು ಎಡವಿದೆವು. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಂದಾಗ ನಮ್ಮ ಉಗ್ರಾಣಕ್ಕೆ ಒಂದು ಹನಿ ನೀರೂ ನುಗ್ಗಲಿಲ್ಲ. ಆದರೆ ಈ ಪ್ರದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ವಿದ್ಯುತ್ ಸಂಪರ್ಕಗಳು ಕಡಿದುಹೋಗಿ, ನಮ್ಮ ಬೀದಿಗೆ ಕರೆಂಟು ಬರಲು ಆರು ದಿನ ಹಿಡಿಯಿತು. ಮೇಲಿನ ಕೋಣೆ ಸೂರಿಗೆ ಅಂಟಿಕೊಂಡಿದೆ. ಏಸಿ ನಿಂತ ಆ ಸೆಕೆಯಲ್ಲಿ ನಾನು ಬಾಗಿಲು ತೆರೆದಾಗ ಮೊದಲು ತಟ್ಟಿದ್ದು ಹಳಸಿದ ವಾಸನೆ. ಚರ್ಮದ ಮುಖವಾಡಗಳ ಒಳಮೈಯಲ್ಲಿ, ನಟರ ಬೆವರು ಕುಡಿದಿದ್ದ ಹಣೆಯ ಭಾಗದಲ್ಲಿಯೇ, ಬೂದುಬಣ್ಣದ ಬೂಷ್ಟು ಹೂವಿನಂತೆ ಅರಳಿತ್ತು. ಕಿರೀಟವೊಂದರ ಅಂಟು ಕರಗಿ ಕಲ್ಲುಗಳು ಪೆಟ್ಟಿಗೆಯ ತಳದಲ್ಲಿ ಉದುರಿದ್ದವು. ನೀರಿಗೆ ಹೆದರಿ ಮೇಲೆ ಹತ್ತಿಸಿದ ವಸ್ತುಗಳನ್ನು ನಾವೇ ಕೈಯಾರೆ ಸೆಕೆಗೆ ಒಪ್ಪಿಸಿದ್ದೆವು.

ಈಗ ಆ ಕೋಣೆಯಲ್ಲಿ ತೇವಾಂಶವನ್ನು ದಾಖಲಿಸುವ ಪುಟ್ಟ ಯಂತ್ರವೊಂದಿದೆ. ಸುಮಾರು 320 ಕಿ.ಮೀ. ದೂರದ ಸ್ಯಾನ್ ಆಂಟೋನಿಯೊದ ಇನ್ನೊಂದು ಚಿಕ್ಕ ತಂಡದೊಡನೆ, ಅವರ ಆಪತ್ತಿಗೆ ನಮ್ಮ ಉಗ್ರಾಣ, ನಮ್ಮ ಆಪತ್ತಿಗೆ ಅವರದು ಎಂಬ ಒಪ್ಪಂದವಾಗಿದೆ. ಒಂದೇ ವ್ಯಾನು ಇರುವುದರಿಂದ ಮೊದಲು ಯಾವುದನ್ನು ತುಂಬಬೇಕೆಂದು ಎರಡು ಸಂಜೆ ಜಗಳವಾಡಿದೆವು, ಉಡುಪು ನೋಡಿಕೊಳ್ಳುವ ಹಿರಿಯರಿಗೆ ಇನ್ನೂ ಮುನಿಸು ಹೋಗಿಲ್ಲ. ಬಾಗಿಲಿಗೆ ಅಂಟಿಸಿರುವ ಪಟ್ಟಿಯ ಮೊದಲ ಸಾಲಿನಲ್ಲಿರುವುದು ರೇಷ್ಮೆಯ ನಿಲುವಂಗಿಯಲ್ಲ, ನಟರ ಪ್ರತಿ ಹೆಜ್ಜೆ, ಪ್ರತಿ ದೀಪದ ಗುರುತಿರುವ ರಂಗ ನಿರ್ವಾಹಕಿಯ ದಪ್ಪ ಪ್ರಾಂಪ್ಟ್ ಬುಕ್ಕು.