ಮನೆ ಇದೆ, ಯಜಮಾನ ಎಲ್ಲಿ?

"ದೇವಸ್ಥಾನ ತೋರಿಸ್ತೀಯೋ, ಬರೀ ಕಲ್ಲು ತೋರಿಸ್ತೀಯೋ?" ಅಂತ ಅಮ್ಮ ರೈಲು ಹತ್ತುವ ಮೊದಲೇ ಕೇಳಿದ್ದರು. ಎರಡೂ ಅಂದೆ. ಬಾದಾಮಿ, ಐಹೊಳೆ, ಕೂಡಲಸಂಗಮ, ವಿಜಯಪುರ. ಮೂರು ದಿನ, ಎರಡು ಚೀಲ, ಒಂದು ಡಬ್ಬಿ ಚಕ್ಕುಲಿ. ಅಮ್ಮನಿಗೆ ಮಂಡಿ ನೋವು ಇದೆ. ಆದರೆ ದೇವರು ಅಂದರೆ ಎಷ್ಟು ಮೆಟ್ಟಿಲಾದರೂ ಹತ್ತುತ್ತಾರೆ.

ಬಾದಾಮಿಯ ಗುಹೆಗಳ ಹತ್ತಿರ ಹೋದಾಗ ಇನ್ನೂ ಬಿಸಿಲು ಏರಿರಲಿಲ್ಲ. ಕೆಂಪು ಬಂಡೆ, ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು, ಎಲ್ಲೆಲ್ಲೂ ಕೋತಿ. ಮೊದಲ ಗುಹೆಯ ಹೊರಗೆ ಹದಿನೆಂಟು ಕೈಗಳ ನಟರಾಜ. ಎಲ್ಲರೂ ಶೂ ಹಾಕಿಕೊಂಡೇ ಒಳಗೆ ಓಡಾಡುತ್ತಿದ್ದರು. ಅಮ್ಮ ಮಾತ್ರ ಚಪ್ಪಲಿ ಬಿಟ್ಟರು. "ಇಲ್ಲಿ ಪೂಜೆ ಇಲ್ಲಮ್ಮ, ಇದು ಸ್ಮಾರಕ," ಅಂದೆ. "ನಿನಗೆ ಸ್ಮಾರಕ," ಅಂದರು.

ಮೂರನೇ ಗುಹೆ ದೊಡ್ಡದು. ಅಲ್ಲಿ 578ನೇ ಇಸವಿಯ ಶಾಸನ ಇದೆ. ಚಾಲುಕ್ಯರ ಮಂಗಳೇಶ ಇದನ್ನು ಮಾಡಿಸಿದ್ದು. ಶಾಸನದಲ್ಲಿ ಇದನ್ನು 'ಮಹಾವಿಷ್ಣುಗೃಹ' ಅಂತ ಕರೆದಿದ್ದಾರೆ. ಹಜಾರದ ತುದಿಯಲ್ಲಿ ಆದಿಶೇಷನ ಮೇಲೆ ಕೂತ ವಿಷ್ಣು, ಆಚೆ ತ್ರಿವಿಕ್ರಮ, ನಿಂತ ನರಸಿಂಹ. ಅಮ್ಮ ಎಲ್ಲರಿಗೂ ಕೈ ಮುಗಿಯುತ್ತಾ ಗರ್ಭಗುಡಿ ತನಕ ಹೋದರು. ಒಳಗೆ ಖಾಲಿ ಪೀಠ. ಸ್ವಲ್ಪ ಹೊತ್ತು ಇಣುಕಿ ನೋಡಿದರು.

"ಮನೆ ಇದೆ, ಯಜಮಾನ ಇಲ್ಲ."

ಅಷ್ಟೇ ಹೇಳಿದ್ದು. ಆದರೆ ಆ ಮಾತು ಮೂರು ದಿನ ನನ್ನನ್ನು ಬಿಡಲಿಲ್ಲ.

ನಮ್ಮ ಕಡೆಯ ನಂಬಿಕೆ ಗೊತ್ತಲ್ಲ. ಶಿಲ್ಪಿ ಕಡೆದು ಕೊಟ್ಟಾಗ ಅದು ಇನ್ನೂ ಕಲ್ಲೇ. ಪ್ರಾಣಪ್ರತಿಷ್ಠೆ ಆದ ಮೇಲೆ ದೇವರು ಬಂದು ನೆಲೆಸುತ್ತಾನೆ. ಬಂದವನನ್ನು ಎಬ್ಬಿಸಬೇಕು, ಮೀಯಿಸಬೇಕು, ನೈವೇದ್ಯ ಇಡಬೇಕು, ರಾತ್ರಿ ಬಾಗಿಲು ಹಾಕಿ ಮಲಗಿಸಬೇಕು. ನಮ್ಮೂರ ದೇವಸ್ಥಾನ ಕೆಡವಿ ಕಟ್ಟುವಾಗ ಕಲಾಕರ್ಷಣೆ ಮಾಡಿ ದೇವರನ್ನು ಕಲಶಕ್ಕೆ ಇಳಿಸಿದ್ದರು. ಕೆಲಸ ಮುಗಿಯುವ ತನಕ ಪಕ್ಕದ ತಗಡಿನ ಶೆಡ್ಡಿನಲ್ಲಿ, ಬಾಲಾಲಯದಲ್ಲಿ ಪೂಜೆ. "ಪಾಪ, ದೇವರಿಗೂ ಬಾಡಿಗೆ ಮನೆ," ಅಂತ ಅಮ್ಮ ಆಗ ನಕ್ಕಿದ್ದರು. ಅವರ ಲೆಕ್ಕದಲ್ಲಿ ದೇವರು ಎಲ್ಲ ಕಡೆ ಇದ್ದಾನೆ, ನಿಜ. ಆದರೆ ಕರೆದ ಕಡೆ ಜಾಸ್ತಿ ಇರುತ್ತಾನೆ.

ಹೊರಗೆ ಬಂದಾಗ ಒಂದು ಚಪ್ಪಲಿ ಇರಲಿಲ್ಲ. ಮೇಲೆ ಬಂಡೆಯ ಅಂಚಿನಲ್ಲಿ ಕೋತಿಯೊಂದು ಅದರ ಪಟ್ಟಿ ಕಚ್ಚಿಕೊಂಡು ಕೂತಿತ್ತು. ಚಕ್ಕುಲಿ ತೋರಿಸಿದೆ. ಚಕ್ಕುಲಿಯನ್ನೂ ತಗೊಂಡಿತು, ಚಪ್ಪಲಿಯನ್ನು ಬಂಡೆಯಾಚೆ ಎಸೆಯಿತು. "ಹನುಮಂತನಿಗೆ ಕಾಣಿಕೆ ಆಯ್ತು ಬಿಡು," ಅಂತ ಅಮ್ಮ ಬರಿಗಾಲಲ್ಲೇ ನಾಲ್ಕನೇ ಗುಹೆಗೆ ಹತ್ತಿದರು.

ಅದು ಜೈನರ ಗುಹೆ. ಹೆಡೆ ಬಿಚ್ಚಿದ ಹಾವಿನ ಕೆಳಗೆ ಪಾರ್ಶ್ವನಾಥ, ಕಾಲಿಗೆ ಬಳ್ಳಿ ಸುತ್ತಿದ ಬಾಹುಬಲಿ. ಅಲ್ಲಿ ಬೆಳಗಾವಿ ಕಡೆಯ ಒಂದು ಜೈನ ಕುಟುಂಬ ಇತ್ತು. ಅಮ್ಮನ ವಯಸ್ಸಿನ ಹೆಂಗಸೊಬ್ಬರು ಕಣ್ಣು ಮುಚ್ಚಿ ನಿಂತಿದ್ದರು. ಕಣ್ಣು ಬಿಟ್ಟ ತಕ್ಷಣ ಅಮ್ಮ ಕೇಳಿಯೇ ಬಿಟ್ಟರು, "ಏನು ಹರಕೆ ಹೊತ್ತಿದ್ರಿ?"

"ಹರಕಿ ಏನಿಲ್ಲರಿ. ಅವರು ಏನೂ ಕೊಡಂಗಿಲ್ಲ."

"ಅಯ್ಯೋ, ಯಾಕೆ?"

"ಎಲ್ಲಾ ಬಿಟ್ಟು ಹೋದವರು. ಮ್ಯಾಲೆ ಸಿದ್ಧಶಿಲಾದಾಗ ಅದಾರ. ಕೊಡಾಕ, ತೊಗೊಳ್ಳಾಕ ಹೊಳ್ಳಿ ಬರಂಗಿಲ್ಲ."

"ಮತ್ತೆ ಇಷ್ಟು ದೂರ ಬಂದಿದ್ದು?"

"ನೋಡಾಕ್ರಿ. ನಾವೂ ಒಂದಿನ ಹಿಂಗ ಆಗಬೇಕಂತ ನೆನಪ ಮಾಡ್ಕೊಳ್ಳಾಕ."

ಅಮ್ಮ ಪೆಚ್ಚಾದರು. ಬೇಡಿದ್ದನ್ನು ಕೊಡದ ದೇವರನ್ನು ಅವರು ಕಲ್ಪಿಸಿಕೊಂಡೇ ಇರಲಿಲ್ಲ. ನನಗೂ ಅದು ಪುಸ್ತಕದಲ್ಲಿ ಓದಿದ ವಿಷಯ ಅಷ್ಟೇ ಆಗಿತ್ತು. ಜೈನರಲ್ಲಿ ಜಗತ್ತನ್ನು ಸೃಷ್ಟಿ ಮಾಡಿದ ದೇವರು ಅಂತ ಒಬ್ಬನಿಲ್ಲ. ಕರ್ಮ ಕಳೆದುಕೊಂಡ ಜೀವ ಲೋಕದ ತುದಿಗೆ ಏರಿ ಅಲ್ಲೇ ನಿಲ್ಲುತ್ತದೆ. ಅಮ್ಮನ ದೇವರು ಕರೆದರೆ ಇಳಿದು ಬರುತ್ತಾನೆ. ಇವರ ದೇವರಿದ್ದಲ್ಲಿಗೆ ನಾವೇ ಹತ್ತಿ ಹೋಗಬೇಕು.

ಪೇಟೆಯಲ್ಲಿ ಹೊಸ ರಬ್ಬರ್ ಚಪ್ಪಲಿ ಕೊಂಡು ಮಧ್ಯಾಹ್ನ ಬನಶಂಕರಿಗೆ ಹೋದೆವು. ಅಲ್ಲಿ ಅಮ್ಮನಿಗೆ ಜೀವ ಬಂತು. ದೀಪ, ಕುಂಕುಮ, ಸೀರೆ ಉಟ್ಟ ದೇವಿ, ಗಂಟೆ. ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿಂದೆವು. ಅದರ ಬಗ್ಗೆ ಬರೆಯಲು ಕೂತರೆ ದೇವರ ವಿಷಯ ಅರ್ಧಕ್ಕೇ ನಿಲ್ಲುತ್ತದೆ, ಹಾಗಾಗಿ ಮುಂದೆ ಹೋಗೋಣ.

ಮರುದಿನ ಐಹೊಳೆ. ಬಾಡಿಗೆ ಕಾರಿನವನು ಮಾತಾಡಿದ್ದಕ್ಕಿಂತ ಜಾಸ್ತಿ ದುಡ್ಡು ಕೇಳಿದ, ಎಸಿ ಬೇರೆ ಹಾಕಲಿಲ್ಲ. ಇರಲಿ. ಐಹೊಳೆಯಲ್ಲಿ ನೂರಕ್ಕಿಂತ ಹೆಚ್ಚು ಗುಡಿಗಳಿವೆ. ಅದರಲ್ಲಿ ಒಂದರ ಹೆಸರು ಲಾಡ್‌ಖಾನ್ ಗುಡಿ. ಒಂದು ಕಾಲದಲ್ಲಿ ಆ ಹೆಸರಿನವರು ಅದರಲ್ಲಿ ವಾಸ ಇದ್ದರಂತೆ, ಹಾಗಾಗಿ ಗುಡಿಗೆ ಅವರದೇ ಹೆಸರು ಉಳಿಯಿತು. "ಯಜಮಾನ ಇಲ್ಲದ ಮನೆಗೆ ಯಾರೋ ಒಬ್ಬರು ಬಂದು ದೀಪ ಹಚ್ಚಿದರಲ್ಲ, ಒಳ್ಳೇದಾಯ್ತು," ಅಂದರು ಅಮ್ಮ. ಇದನ್ನು ಇಷ್ಟು ಹಗುರವಾಗಿ ತಗೊಳ್ಳುತ್ತಾರೆ ಅಂದುಕೊಂಡಿರಲಿಲ್ಲ.

ಮೇಗುತಿ ಗುಡ್ಡಕ್ಕೆ ಅಮ್ಮ ಅರ್ಧ ಮಾತ್ರ ಹತ್ತಿದರು. ದಾರಿಯಲ್ಲೇ ಬೌದ್ಧರ ಎರಡಂತಸ್ತಿನ ಗುಡಿ ಇದೆ. ಅರ್ಧ ಕಟ್ಟಿದ್ದು, ಅರ್ಧ ಬಂಡೆ ಕೊರೆದದ್ದು. ಅದರ ನೆರಳಲ್ಲಿ ಅವರನ್ನು ಕೂರಿಸಿ ನಾನೊಬ್ಬನೇ ಮೇಲೆ ಹೋದೆ. ತುದಿಯಲ್ಲಿ ಮೇಗುತಿ ಬಸದಿ. ಹೊರಗೋಡೆಯಲ್ಲಿ ಇಮ್ಮಡಿ ಪುಲಿಕೇಶಿಯ ಕಾಲದ ರವಿಕೀರ್ತಿ ಬರೆದ ಶಾಸನ, 634ನೇ ಇಸವಿಯದು. ಶಾಲೆಯಲ್ಲಿ ನಾವು ಓದಿದ್ದು ಪುಲಿಕೇಶಿ ಹರ್ಷನನ್ನು ಸೋಲಿಸಿದ ಕಥೆಗಾಗಿ, ಕಾಳಿದಾಸ, ಭಾರವಿಯರ ಹೆಸರು ಅದರಲ್ಲಿ ಇದೆ ಅನ್ನುವುದಕ್ಕಾಗಿ. ಅದು ಶುರುವಾಗುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಶುರುವಾಗುವುದು ಜಿನೇಂದ್ರನ ಸ್ತುತಿಯಿಂದ. ಹುಟ್ಟು, ಮುಪ್ಪು, ಸಾವು ದಾಟಿದವನು. ಅವನ ಅರಿವು ಒಂದು ಸಮುದ್ರವಾದರೆ ಈ ಇಡೀ ಜಗತ್ತು ಅದರೊಳಗೆ ಒಂದು ದ್ವೀಪದ ಹಾಗೆ.

ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತೆ. ಹಳಗನ್ನಡ ಲಿಪಿ, ಸಂಸ್ಕೃತ ಭಾಷೆ, ಕಾಳಿನಷ್ಟು ಸಣ್ಣ ದುಂಡು ಅಕ್ಷರ. ಒಂದೂ ಓದಲು ಬರಲಿಲ್ಲ. ಆದರೂ ಸುಮ್ನೆ ನಿಂತೆ. ನಾವು ಎರಡು ದಿನದಿಂದ ಜಗತ್ತಿನಲ್ಲಿ ದೇವರು ಎಲ್ಲಿ ಅಂತ ಹುಡುಕುತ್ತಿದ್ದೆವು. ಈ ಕವಿ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ್ದ. ಕೆಳಗೆ ಬಂದು ಅಮ್ಮನಿಗೆ ಹೇಳಿದೆ. "ಅಂದ್ರೆ ನಾವೇ ಅವನ ಮನೆಯಲ್ಲಿ ಬಾಡಿಗೆಗೆ ಇದೀವಿ," ಅಂದರು. ಜೈನರು ಈ ಅರ್ಥವನ್ನು ಒಪ್ಪುತ್ತಾರೋ ಇಲ್ಲವೋ, ಅಮ್ಮನಿಗೆ ಮಾತ್ರ ಸಮಾಧಾನ ಆಯಿತು. ಬುದ್ಧನ ಬಗ್ಗೆ ಕೇಳಿದರು. ದೇವರಿದ್ದಾನಾ ಅನ್ನುವುದಕ್ಕಿಂತ ದುಃಖ ಕಳೆಯುವುದು ಹೇಗೆ ಅನ್ನುವುದೇ ಅವನಿಗೆ ಮುಖ್ಯ ಅಂದೆ. "ಪಾಪ, ಒಳ್ಳೆಯವನು," ಅಂತ ಎದ್ದರು.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಸಂಜೆಗೆ ಕೂಡಲಸಂಗಮ ಸೇರಿದೆವು. ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಇಲ್ಲಿ ಸಮುದ್ರದ ಹಾಗೆ ಹರಡಿದೆ. ಬಸವಣ್ಣನವರ ಐಕ್ಯಮಂಟಪ ಆ ನೀರಿನ ನಡುವೆ ಇದೆ. ಮುಳುಗಿ ಹೋಗಬಾರದು ಅಂತ ಸುತ್ತ ದೊಡ್ಡ ಬಾವಿಯ ಹಾಗೆ ಕಾಂಕ್ರೀಟ್ ಗೋಡೆ ಕಟ್ಟಿದ್ದಾರೆ. ಸೇತುವೆ ಮೇಲೆ ನಡೆದು ಹೋಗಿ, ಮೆಟ್ಟಿಲು ಇಳಿಯುತ್ತಾ ಇಳಿಯುತ್ತಾ ತಳಕ್ಕೆ ಹೋಗಬೇಕು. ಗೋಡೆಯಾಚೆ ನದಿ ನಿಂತಿದೆ ಅನ್ನುವುದು ತಂಪಿನಲ್ಲೇ ಗೊತ್ತಾಗುತ್ತದೆ. ತಳದಲ್ಲಿ ಪುಟ್ಟ ಮಂಟಪ, ಲಿಂಗ. ಇಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ.

ನನಗೆ ಅಲ್ಲಿ ಒಂದು ತಕರಾರು ಹುಟ್ಟಿತು. ದೇಹವೇ ದೇಗುಲ ಅಂದವರು, ಸ್ಥಾವರಕ್ಕೆ ಅಳಿವುಂಟು ಅಂದವರು ಬಸವಣ್ಣ. ಅವರ ನೆನಪನ್ನೇ ನಾವು ಅಳಿಯದ ಹಾಗೆ ಕಾಂಕ್ರೀಟಿನಲ್ಲಿ ಹಿಡಿದಿಟ್ಟಿದ್ದೇವಲ್ಲ? ಮೇಲೆ ಬಂದು ಅಮ್ಮನ ಹತ್ತಿರ ಹೇಳಿದೆ. "ನಿಮ್ಮಪ್ಪ ಫೋಟೋ ಬೇಡ ಅಂತಿದ್ರು. ಆದರೂ ಇಟ್ಟಿದೀವಲ್ಲ," ಅಂದರು. ಈ ವಾದ ನಾನು ಸೋತೆ.

ಮರುದಿನ ಬೆಳಗಿನ ಜಾವ ನದಿ ಕಡೆ ಹೋದಾಗ ಮೆಟ್ಟಿಲ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಮಿಂದು ಬಂದ ಒದ್ದೆ ಮೈ, ಹಣೆ ತುಂಬ ವಿಭೂತಿ. ಕೊರಳಿನ ಶಿವದಾರದಿಂದ ಬೆಳ್ಳಿಯ ಕರಡಿಗೆ ಬಿಚ್ಚಿದರು. ಒಳಗಿನ ಬಟ್ಟೆ ಬಿಡಿಸಿ ಕಪ್ಪಗೆ ಹೊಳೆಯುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಒಂದು ಹುಂಡು ನೀರು, ಒಂದು ಚಿಟಿಕೆ ವಿಭೂತಿ, ಒಂದು ಬಿಲ್ವದ ಎಸಳು. ಆಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾ ಕೂತರು. ಎಷ್ಟು ಹೊತ್ತು ಅಂದರೆ, ನಾನು ಎರಡು ಸಲ ಫೋನ್ ತೆಗೆದು ಒಳಗಿಟ್ಟೆ. ಅವರ ಕೈ ಅಲುಗಲಿಲ್ಲ.

ಪೂಜೆ ಮುಗಿದ ಮೇಲೆ ಅಮ್ಮ ಮಾತಿಗೆ ಎಳೆದರು. "ಸಂಗಮೇಶ್ವರನ ಗುಡಿ ಇಲ್ಲೇ ಇದೆಯಲ್ಲ, ಹೋಗಲ್ವಾ?"

"ಹೋಗ್ತೀನಿ. ಬಸವಣ್ಣನವರು ಸಣ್ಣವರಿದ್ದಾಗ ಓದಿದ ಜಾಗ ಅದು. ದೇವರನ್ನ ನೋಡಾಕ ಅಂತ ಹೋಗಂಗಿಲ್ಲ. ಅವ ಇಲ್ಲೇ ಅದಾನಲ್ಲ," ಅಂತ ಎದೆ ಮುಟ್ಟಿಕೊಂಡರು. ಹಾಗಾದರೆ ಅರ್ಚಕರು, ಗಂಟೆ, ಸಾಲು? ಅವರು ನಕ್ಕರು. "ನನಗೂ ಅವಗೂ ನಡುವ ಯಾರಿಲ್ಲ. ಬಸ್ಸಿನಾಗ ಬರ್ತಾನ, ಹೊಲಕ್ಕ ಬರ್ತಾನ."

ಗುಡಿಯಲ್ಲಿ ಸಾಲು ಉದ್ದ ಇತ್ತು. ನಿಂತು ನಿಂತು ಒಂದು ವಿಷಯ ಹೊಳೆಯಿತು. ಬಸವಣ್ಣ ಈ ಊರು ಬಿಟ್ಟು ಮಂಗಳವೇಢೆಗೆ, ಕಲ್ಯಾಣಕ್ಕೆ ಹೋದರು. ಅಂಗೈಯ ಲಿಂಗವನ್ನು ಹಿಡಿದರು. ಆದರೂ ವಚನದ ಕೊನೆಗೆ ಕರೆದದ್ದು ಕೂಡಲಸಂಗಮದೇವಾ ಅಂತಲೇ. ಊರು ಬಿಟ್ಟರೂ ಊರಿನ ದೇವರ ಹೆಸರು ಬಿಡಲಿಲ್ಲ. ಆ ಹೆಸರಿಗೆ ಗೋಡೆ ಇರಲಿಲ್ಲ ಅಷ್ಟೇ. ಬೆಂಗಳೂರಿನಲ್ಲಿ ಕೂತು ಊರಿನ ದೇವರಿಗೆ ಮುಡಿಪು ಕಟ್ಟುವ ಅಮ್ಮನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ.

ವಿಜಯಪುರಕ್ಕೆ ಬಸ್ಸಿನಲ್ಲಿ ಹೋದೆವು. ಗೋಳಗುಮ್ಮಟದಲ್ಲಿ ಶಾಲೆ ಮಕ್ಕಳ ಕೂಗಾಟ. ಒಂದು ಕೂಗು ಏಳು ಸಲ ಕೇಳಿಸುತ್ತದೆ ಅನ್ನುತ್ತಾರೆ. ಅವತ್ತು ಕೂಗಿದವರು ಇನ್ನೂರು ಜನ, ಲೆಕ್ಕ ಹಾಕಿಕೊಳ್ಳಿ. ಕಿವಿ ಮುಚ್ಚಿಕೊಂಡು ಇಬ್ರಾಹಿಂ ರೋಜಾ ಕಡೆ ಆಟೋ ಹಿಡಿದೆವು.

ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಗೋರಿ ಅದು. 1580ರಿಂದ 1627ರ ತನಕ ಆಳಿದವನು, ಸಂಗೀತದ ಹುಚ್ಚಿನವನು. ಮುಸ್ಲಿಂ ಸುಲ್ತಾನ, ಆದರೆ ತನ್ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದವನು. ಜನ ಅವನನ್ನು ಜಗದ್ಗುರು ಬಾದಶಹ ಅಂತ ಕರೆದರು. ಗೋರಿಯ ಗೋಡೆಗಳಲ್ಲಿ ಒಂದೇ ಒಂದು ಮೂರ್ತಿ ಇಲ್ಲ, ಎಲ್ಲಾ ಅಕ್ಷರ. ಕಿಟಕಿಗಳಂತೂ ನೋಡಲೇಬೇಕು. ಕಲ್ಲನ್ನು ಅರಬ್ಬಿ ಅಕ್ಷರಗಳಾಗಿಯೇ ಕೊರೆದು ಜಾಲಂಧ್ರ ಮಾಡಿದ್ದಾರೆ. ಅಕ್ಷರ, ಅಕ್ಷರದ ಸಂದಿನಲ್ಲಿ ಬೆಳಕು. ಅಮ್ಮ ಒಂದು ಸಂದಿಗೆ ಬೆರಳು ಹಾಕಿ ನೋಡಿದರು. "ದೇವರ ಹೆಸರಾ?" ಕುರಾನಿನ ಮಾತು ಅಂದೆ. ಬೆರಳು ತೆಗೆದು ಕಣ್ಣಿಗೆ ಒತ್ತಿಕೊಂಡರು.

ಕೊನೆಗೆ ಜುಮ್ಮಾ ಮಸೀದಿ. ಒಂದನೇ ಅಲಿ ಆದಿಲ್‌ಶಾಹ ಕಟ್ಟಿಸಲು ಶುರು ಮಾಡಿದ್ದು. ನಮಾಜಿನ ಹೊತ್ತಾಗಿರಲಿಲ್ಲ. ಅಮ್ಮ ಸೆರಗು ತಲೆ ಮೇಲೆ ಎಳೆದುಕೊಂಡರು, ಹೊಸ ಚಪ್ಪಲಿಯನ್ನು ಈ ಸಲ ಚೀಲದೊಳಗೇ ಹಾಕಿಕೊಂಡರು. ಒಳಗೆ ಕಮಾನಿನ ಹಿಂದೆ ಕಮಾನು, ಬಿಳಿ ಸುಣ್ಣ, ಪಾರಿವಾಳದ ಸದ್ದು. ಪಶ್ಚಿಮದ ಗೋಡೆಯಲ್ಲಿ ಗೂಡಿನ ಹಾಗಿರುವ ಮಿಹ್ರಾಬಿಗೆ ಚಿನ್ನದ ಬಣ್ಣ ಬಳಿದು ಹೂದಾನಿ, ಪುಸ್ತಕಗಳ ಚಿತ್ರ ಬರೆದಿದ್ದಾರೆ. ನೋಡಿಕೊಳ್ಳುವ ಹಿರಿಯರೊಬ್ಬರು ಬಂದು ನಿಂತರು. ಅಮ್ಮ ಮಿಹ್ರಾಬಿನೊಳಗೆ ಇಣುಕಿದರು, ಬಾದಾಮಿಯಲ್ಲಿ ಇಣುಕಿದ ಹಾಗೇ.

"ಇಲ್ಲೂ ಯಾರೂ ಇಲ್ವಲ್ಲ."

"ಇಲ್ಲಿ ಯಾರೂ ಇರಂಗಿಲ್ಲಮ್ಮ," ಅಂದರು ಹಿರಿಯರು. "ಇದು ದಿಕ್ಕು ಅಷ್ಟ. ಈ ಕಡೆ ಮಕ್ಕಾ ಐತಿ ಅಂತ ತೋರಿಸಾಕ. ಅಲ್ಲಾಹ್‌ಗ ಜಾಗ ಅಂತ ಒಂದಿಲ್ಲ."

ಅಮ್ಮ ತಲೆಯಾಡಿಸಿ ಹಿಂದೆ ತಿರುಗಿದರು. ಆಗ ನೆಲ ಕಣ್ಣಿಗೆ ಬಿತ್ತು. ನೆಲದ ತುಂಬ ಸಾಲು ಸಾಲು ಚೌಕಗಳು, ಒಬ್ಬೊಬ್ಬರಿಗೆ ಒಂದೊಂದು. ಒಟ್ಟು 2,250 ಅನ್ನುತ್ತಾರೆ, ಔರಂಗಜೇಬ ಹಾಕಿಸಿದ್ದಂತೆ. ನಮ್ಮ ಗುಡಿಗಳಲ್ಲಿ ದೇವರಿಗೆ ಜಾಗ ಗೊತ್ತಾಗಿರುತ್ತದೆ, ಜನ ಎಲ್ಲಿ ಸಿಕ್ಕಿದರೆ ಅಲ್ಲಿ ನುಗ್ಗುತ್ತಾರೆ. ಇಲ್ಲಿ ದೇವರಿಗೆ ಜಾಗ ಗುರುತು ಮಾಡಿಲ್ಲ. ಮನುಷ್ಯರಿಗೆ ಮಾಡಿದ್ದಾರೆ.

ನಾನು ಚೌಕಗಳ ಮೇಲೇ ನಡೆದು ಬಾಗಿಲಿಗೆ ಬಂದೆ. ತಿರುಗಿ ನೋಡಿದರೆ ಅಮ್ಮ ಇನ್ನೂ ದೂರದಲ್ಲಿದ್ದರು. ಮಂಡಿ ನೋವಿನ ಕಾಲನ್ನು ಎತ್ತಿ ಎತ್ತಿ, ಗೆರೆಯ ಮೇಲಷ್ಟೇ ಹೆಜ್ಜೆ ಇಡುತ್ತಾ ಬರುತ್ತಿದ್ದರು.

"ಬೇಗ ಬಾಮ್ಮ, ರೈಲಿಗೆ ಹೊತ್ತಾಯ್ತು."

"ತಡಿಯೋ," ಅಂದರು. "ಯಾರದ್ದೋ ಜಾಗ."