ಡ್ಯಾಶ್‌ಕ್ಯಾಮ್‌ಗೆ ಕಾಯಂ ವೈರಿಂಗ್: ಇಲ್ಲಿಯ ತನಕ ಆದ ಕೆಲಸ

ನಮ್ಮ ಚಿಕ್ಕ ಪೆಟ್ರೋಲ್ ಕಾರಿಗೆ ಡ್ಯಾಶ್‌ಕ್ಯಾಮ್, ಅಂದರೆ ರಸ್ತೆಯನ್ನು ರೆಕಾರ್ಡ್ ಮಾಡುವ ಸಣ್ಣ ಕ್ಯಾಮೆರಾ, ಬಂದು ಒಂದು ಮಳೆಗಾಲ ಕಳೆದಿದೆ. ಇಷ್ಟು ದಿನ ಅದು ಸಿಗರೇಟ್ ಲೈಟರ್ ಸಾಕೆಟ್‌ನಿಂದ ಓಡುತ್ತಿತ್ತು. ಕೀ ತೆಗೆದರೆ ಕ್ಯಾಮೆರಾವೂ ಬಂದ್. ಹೆದ್ದಾರಿ 66ರಲ್ಲಿ ರಾಂಗ್ ಸೈಡಿನಿಂದ ನುಗ್ಗುವ ಗಾಡಿಗಳನ್ನು ಹಿಡಿಯಲು ಅಷ್ಟು ಸಾಕು. ಆದರೆ ನನ್ನ ಚಿಂತೆ ನಿಂತ ಕಾರಿನದು. ಮಣಿಪಾಲದಲ್ಲಿ ಇಡೀ ದಿನ ರಸ್ತೆ ಬದಿಯಲ್ಲಿ ನಿಲ್ಲಿಸುತ್ತೇನೆ. ಸಂಜೆ ಬಂಪರಿನಲ್ಲಿ ಹೊಸ ಗೀರು ಕಂಡರೆ ಯಾರನ್ನು ಕೇಳುವುದು? ಅದಕ್ಕೇ ಫ್ಯೂಸ್ ಬಾಕ್ಸ್‌ನಿಂದ ನೇರ ಕನೆಕ್ಷನ್ ಕೊಡಲು ಹೊರಟೆ.

ಮೊದಲೇ ಒಂದು ಷರತ್ತು ಹಾಕಿಕೊಂಡಿದ್ದೆ. ಕಾರಿನ ಒಂದೇ ಒಂದು ವೈರನ್ನೂ ಕತ್ತರಿಸಬಾರದು, ಸುಲಿಯಬಾರದು. ನಮ್ಮ ಮನೆ ಮಲ್ಪೆ ಕಡೆ, ಕೊಡವೂರಿನಲ್ಲಿ. ಇಲ್ಲಿಯ ಗಾಳಿಯಲ್ಲೇ ಉಪ್ಪು ಇದೆ. ಸುಲಿದ ಜಾಗಕ್ಕೆ ಎಷ್ಟು ಟೇಪ್ ಸುತ್ತಿದರೂ ತೇವ ಒಳಗೆ ಹೋಗುತ್ತದೆ, ತಾಮ್ರ ಹಸಿರಾಗುತ್ತದೆ. ಹೊಸ ಕಾರಾದರೆ ವಾರಂಟಿಯ ತಕರಾರು ಬೇರೆ.

ಶನಿವಾರ: ಫ್ಯೂಸ್ ಬಾಕ್ಸ್

ಹಾರ್ಡ್‌ವೈರ್ ಕಿಟ್ ಅಂದರೆ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಸಣ್ಣ ಡಬ್ಬಿ ಮತ್ತು ಮೂರು ವೈರ್. ಹಳದಿಗೆ ಯಾವಾಗಲೂ ಕರೆಂಟ್ ಇರಬೇಕು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಕಪ್ಪು ವೈರ್ ಕಾರಿನ ಲೋಹದ ಬಾಡಿಗೆ, ಅಂದರೆ ಅರ್ತ್. ಕೆಂಪಿನಲ್ಲಿ ಕರೆಂಟ್ ನಿಂತ ಕೂಡಲೇ ಕಾರು ನಿಂತಿತು ಅಂತ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ, ನಿಂತ ಕಾರನ್ನು ಕಾಯುವ ಪಾರ್ಕಿಂಗ್ ಮೋಡ್‌ಗೆ ಹೋಗುತ್ತದೆ.

ಯಾವ ಫ್ಯೂಸ್ ಎಂದು ಮಲ್ಟಿಮೀಟರಿನಲ್ಲೇ ನೋಡಿದೆ. ಹಳದಿಗೆ ಸೆಂಟ್ರಲ್ ಲಾಕಿಂಗ್ ಫ್ಯೂಸ್, ಕೆಂಪಿಗೆ ಸಾಕೆಟ್ಟಿನ ಫ್ಯೂಸ್. ಏರ್‌ಬ್ಯಾಗ್, ಎಬಿಎಸ್ (ಬ್ರೇಕಿನದು), ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎಂದು ಬರೆದಿರುವ ಫ್ಯೂಸ್‌ಗಳ ತಂಟೆಗೆ ಹೋಗಲೇಬಾರದು. ಅಲ್ಲಿ ಏನಾದರೂ ಎಡವಟ್ಟಾದರೆ ಪೆಟ್ಟು ಬೀಳುವುದು ಜೀವಕ್ಕೆ.

ಕನೆಕ್ಷನ್ ಕೊಟ್ಟದ್ದು ಫ್ಯೂಸ್ ಟ್ಯಾಪ್‌ನಿಂದ. ಹಳೆ ಫ್ಯೂಸ್ ತೆಗೆದು ಆ ಜಾಗಕ್ಕೆ ಟ್ಯಾಪ್ ಚುಚ್ಚಬೇಕು. ಟ್ಯಾಪಿನಲ್ಲಿ ಎರಡು ಮನೆ ಇರುತ್ತವೆ. ಒಂದಕ್ಕೆ ಹಳೆ ಫ್ಯೂಸ್, ಇನ್ನೊಂದಕ್ಕೆ ಕ್ಯಾಮೆರಾದ ಫ್ಯೂಸ್. ನಾನು 3 ಆಂಪಿಯರಿನ ನೇರಳೆ ಬಣ್ಣದ್ದು ಹಾಕಿದೆ. ಟ್ಯಾಪ್ ಎರಡೂ ಕಡೆಯಿಂದ ಕೂರುತ್ತದೆ, ಆದರೆ ಸರಿಯಾದ ದಿಕ್ಕು ಒಂದೇ. ಫ್ಯೂಸ್ ತೆಗೆದ ಎರಡು ಸೀಳುಗಳಲ್ಲಿ ಮೀಟರ್ 12 ವೋಲ್ಟ್ ತೋರಿಸುವ ಕಡೆಗೆ ಎರಡೂ ಫ್ಯೂಸ್ ಸೇರುವ ಕಾಲು ಬರಬೇಕು. ತಿರುಗಿಸಿ ಹಾಕಿದರೂ ಕ್ಯಾಮೆರಾ ಓಡುತ್ತದೆ. ಆದರೆ ಅದರ ಕರೆಂಟೂ ಹಳೆ ಫ್ಯೂಸಿನ ಮೂಲಕವೇ ಹಾಯುತ್ತದೆ, ಸುಮ್ನೆ ಅದಕ್ಕೆ ಹೊರೆ.

ಭಾನುವಾರ: ಅರ್ತ್

ಉಡುಪಿಯಲ್ಲಿ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಶುರು ಮಾಡುವ ಮೊದಲೇ ಅವರು ಹೇಳಿದ್ದರು: "ಪ್ಲಸ್ ಎಲ್ಲಿಂದ ಬೇಕಾದ್ರೂ ಸಿಗ್ತದೆ ಮಾರಾಯ್ರೆ. ಅರ್ತ್ ಸರಿ ಉಂಟಾ ನೋಡಿ ಮೊದಲು." ಹಾಗಾಗಿ ಭಾನುವಾರ ಪೂರ್ತಿ ಇದಕ್ಕೇ ಇಟ್ಟೆ.

ಕಾಲಿಡುವ ಜಾಗದ ಬದಿಯ ಪ್ಲಾಸ್ಟಿಕ್ ಬಿಚ್ಚಿದರೆ ಬಾಡಿಗೆ ಕೂತ ಬೋಲ್ಟ್‌ಗಳು ಕಾಣುತ್ತವೆ. ಯಾವುದಾದರೊಂದಕ್ಕೆ ಕಪ್ಪು ವೈರ್ ಸಿಕ್ಕಿಸಿ ಅನ್ನುತ್ತದೆ ಕಿಟ್ಟಿನ ಚೀಟಿ. ನಮ್ಮೂರಿನ ಕಾರಿಗೆ ಆ ಮಾತು ಸಾಲದು. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರೆಲ್ಲ ಮ್ಯಾಟ್ ಅಡಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಕರಾವಳಿ ಬೈಪಾಸ್ ಕಡೆ ಹೋಗುವಾಗ ಮೀನಿನ ಲಾರಿ ಮುಂದೆ ಸಿಕ್ಕಿದರಂತೂ ಅದರ ಉಪ್ಪು ನೀರು ಕಾರಿನ ಅಡಿಗೆಲ್ಲ ಸಿಡಿಯುತ್ತದೆ. ಮೇಲೆ ಹೊಳೆಯುವ ಬೋಲ್ಟಿನ ಕೆಳಗೆ ಪೇಂಟೋ ತುಕ್ಕೋ ಇರುವುದು ಇಲ್ಲಿ ಮಾಮೂಲು.

ಪರೀಕ್ಷೆಗೆ ಒಂದು ಸುಲಭ ಉಪಾಯ ಇದೆ. ಕಾರಿನ ಒಳಗಿನ ಲೈಟಿಗೆ ಹಾಕುವ 12 ವೋಲ್ಟ್, 5 ವಾಟ್ ಬಲ್ಬ್ ತೆಗೆದುಕೊಂಡೆ. ಅದು ಎಳೆಯುವುದು ಸುಮಾರು 0.4 ಆಂಪಿಯರ್, ಹೆಚ್ಚು ಕಡಿಮೆ ಕ್ಯಾಮೆರಾದಷ್ಟೇ. ಅದರ ಒಂದು ವೈರನ್ನು ಫ್ಯೂಸ್ ಹಾಕಿದ ಪ್ಲಸ್ಸಿಗೆ, ಇನ್ನೊಂದನ್ನು ಪರೀಕ್ಷಿಸಬೇಕಾದ ಬೋಲ್ಟಿಗೆ ಬಿಗಿದೆ. ಬಲ್ಬ್ ಉರಿಯುತ್ತಿರುವಾಗ ಬೋಲ್ಟಿಗೆ ಬಿಗಿದ ವೈರಿನ ತುದಿ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಮೀಟರ್ ಹಿಡಿದೆ. ಅರ್ತ್ ಚೆನ್ನಾಗಿದ್ದರೆ ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಕೈಗೆ ಸುಲಭವಾಗಿ ಸಿಗುವ ಬೋಲ್ಟಿನಲ್ಲಿ 0.4 ವೋಲ್ಟ್ ಬಂತು. ಅಂದರೆ ಆ ಜೋಡಣೆಯಲ್ಲಿ ಸುಮಾರು ಒಂದು ಓಮ್ ತಡೆ ಕೂತಿದೆ. ಬಲ್ಬಿನ ಬೆಳಕಿನಲ್ಲಿ ಮಾತ್ರ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ.

0.4 ವೋಲ್ಟ್ ತಾನೇ, ಏನಾಗುತ್ತದೆ ಅನ್ನಬಹುದು. ಬ್ಯಾಟರಿ ತೀರಾ ಖಾಲಿಯಾಗದ ಹಾಗೆ, ವೋಲ್ಟ್ ಒಂದು ಮಿತಿಗೆ (ಕಟ್‌ಆಫ್) ಇಳಿದ ಕೂಡಲೇ ಕಿಟ್ ಕ್ಯಾಮೆರಾವನ್ನು ಆರಿಸುತ್ತದೆ. ಆದರೆ ಅದು ಬ್ಯಾಟರಿಯನ್ನು ನೇರವಾಗಿ ಅಳೆಯುವುದಿಲ್ಲ, ತನ್ನ ಹಳದಿ ಮತ್ತು ಕಪ್ಪು ವೈರ್‌ಗಳ ನಡುವೆ ಸಿಕ್ಕಿದ್ದನ್ನು ನೋಡುತ್ತದೆ. ಬ್ಯಾಟರಿ 12.6 ಇದ್ದರೂ ಈ ಅರ್ತ್‌ನಲ್ಲಿ ಕಿಟ್ಟಿಗೆ ಕಾಣುವುದು 12.2. ತುಂಬಿದ ಬ್ಯಾಟರಿಯನ್ನು ಅರ್ಧ ಖಾಲಿ ಅಂದುಕೊಂಡು ಕ್ಯಾಮೆರಾವನ್ನು ಆರಿಸಿಬಿಡುತ್ತದೆ. ಪಾರ್ಕಿಂಗ್ ಮೋಡ್ ಒಂದೇ ಗಂಟೆಯಲ್ಲಿ ಬಂದ್ ಆಗುತ್ತದೆ ಎಂದು ಜನ ಕಿಟ್ಟನ್ನು ಬೈಯುತ್ತಾರಲ್ವಾ, ಅವರೆಲ್ಲ ಮೊದಲು ಅರ್ತ್ ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ವಲ್ಪ ಮೇಲೆ, ನೀರು ನಿಲ್ಲದ ಜಾಗದಲ್ಲಿದ್ದ ಇನ್ನೊಂದು ಬೋಲ್ಟ್ ಆರಿಸಿದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬೋಲ್ಟ್ ತೆಗೆದು, ವೈರಿನ ರಿಂಗ್ ಕೂರುವಷ್ಟು ಜಾಗವನ್ನು ಮಾತ್ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಬಿಳಿ ಲೋಹ ಕಾಣುವಂತೆ ಮಾಡಿದೆ. ಬಿಗಿದ ಮೇಲೆ ಸುತ್ತಲೂ ತೆಳ್ಳಗೆ ವ್ಯಾಸಲೀನ್ ಸವರಿದೆ. ಈ ಕ್ರಮ ಮುಖ್ಯ. ಬಿಗಿದ ನಂತರವೇ ವ್ಯಾಸಲೀನ್, ಉಪ್ಪಿನ ತೇವ ಒಳಗೆ ಹೋಗದ ಹಾಗೆ. ಮತ್ತೆ ಅದೇ ಬಲ್ಬಿನಲ್ಲಿ ನೋಡಿದರೆ 0.02 ವೋಲ್ಟ್. ತುಂಬಾ ಖುಷಿಯಾಯಿತು.

ಮುಂದಿನ ವಾರ: ವೈರ್ ಎಳೆದದ್ದು, ರೇಡಿಯೋ

ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ವೈರ್ ಅದರ ಹಿಂದಿನಿಂದ ಹೋಗಬೇಕು, ಮುಂದಿನಿಂದ ಯಾವತ್ತೂ ಬೇಡ. ನಮ್ಮದರಲ್ಲಿ ಕರ್ಟನ್ ಏರ್‌ಬ್ಯಾಗ್ ಇಲ್ಲ, ಕೆಲಸ ಬೇಗ ಮುಗಿಯಿತು. ಸದ್ದು ಬರದ ಹಾಗೆ ವೈರಿಗೆ ಬಟ್ಟೆಯ ಟೇಪ್ ಸುತ್ತಿದೆ.

ಕ್ಯಾಮೆರಾ ಆನ್ ಆದಾಗ ರೇಡಿಯೋದಲ್ಲಿ ಗೊರಗೊರ ಶಬ್ದ ಶುರುವಾಯಿತು. ಆಕಾಶವಾಣಿ ಪರವಾಗಿರಲಿಲ್ಲ. ಆದರೆ ಮಂಗಳೂರಿಗೆ ಹೋದಾಗ ಸಂತ ಅಲೋಶಿಯಸ್ ಕಾಲೇಜಿನ (ಈಗ ಪರಿಗಣಿತ ವಿಶ್ವವಿದ್ಯಾಲಯ) ಸಮುದಾಯ ರೇಡಿಯೋ ಸಾರಂಗ್ 107.8 ಕೇಳುವ ಅಭ್ಯಾಸ ನನಗೆ. ಅಂಥ ಸಣ್ಣ ನಿಲಯದ ಸಿಗ್ನಲ್ ಮೊದಲೇ ತೆಳು, ಅದು ಪೂರ್ತಿ ಮುಚ್ಚಿಹೋಯಿತು. ವೋಲ್ಟ್ ಇಳಿಸುವ ಡಬ್ಬಿಯೊಳಗೆ ಕರೆಂಟ್ ಒಂದೇ ಸಮ ಆನ್ ಆಫ್ ಆಗುತ್ತಿರುತ್ತದೆ. ಆ ಗದ್ದಲವನ್ನು ಉದ್ದದ ವೈರ್ ಆಂಟೆನಾದ ಹಾಗೆ ಹರಡುತ್ತದೆ. ನಮ್ಮ ಕಾರಿನ ರೇಡಿಯೋ ಆಂಟೆನಾ ಚಾವಣಿಯ ಮುಂಭಾಗದಲ್ಲಿದೆ, ಅದರ ಕೇಬಲ್ ಬಲಗಡೆಯ ಕಂಬದೊಳಗೆ ಇಳಿಯುತ್ತದೆ. ಕ್ಯಾಮೆರಾ ವೈರೂ ಅದೇ ದಾರಿ ಹಿಡಿದಿತ್ತು. ಅದನ್ನು ಎಡ ಕಂಬಕ್ಕೆ ಬದಲಾಯಿಸಿ, ಗ್ಲೋವ್ ಬಾಕ್ಸ್ ಹಿಂದಿನಿಂದ ಫ್ಯೂಸ್ ಬಾಕ್ಸಿಗೆ ತಂದೆ. ಪೆಡಲ್‌ಗಳ ಹತ್ತಿರ ಜೋತು ಬೀಳದ ಹಾಗೆ ಮೇಲೆತ್ತಿ ಕಟ್ಟಿದೆ. ಡಬ್ಬಿಯ ಹತ್ತಿರ ಒಂದು, ಕ್ಯಾಮೆರಾ ಹತ್ತಿರ ಒಂದು ಫೆರೈಟ್ ಕ್ಲಿಪ್ (ವೈರಿನ ಗದ್ದಲ ತಡೆಯುವ ಬಿಲ್ಲೆ) ಹಾಕಿದೆ. ಈಗ ಸಾರಂಗ್ ಸ್ಪಷ್ಟವಾಗಿ ಕೇಳುತ್ತದೆ.

ಈಗ: ಕಟ್‌ಆಫ್ ಎಲ್ಲಿಡಬೇಕು

ಕಿಟ್ಟಿನಲ್ಲಿ 11.8, 12.0, 12.2, 12.4 ಅಂತ ನಾಲ್ಕು ಆಯ್ಕೆ ಇದೆ. ಸುಮ್ಮನೆ ನಿಂತ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ರಿಂದ 12.7 ತೋರಿಸುತ್ತದೆ. 12.4 ಅಂದರೆ ಹತ್ತಿರ ಹತ್ತಿರ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ ಮಾತ್ರ. ಕಾರಿನ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಆದ್ದರಿಂದ ಕೆಳಗಿನ ಎರಡನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ.

ನಮ್ಮದು 35 ಆಂಪಿಯರ್ ಅವರ್ ಬ್ಯಾಟರಿ. ನಿಂತಾಗ ಕ್ಯಾಮೆರಾ ಎಳೆಯುವುದು 0.3 ಆಂಪಿಯರ್. ಹತ್ತು ಗಂಟೆ ನಿಂತರೆ 3 ಆಂಪಿಯರ್ ಅವರ್ ಖರ್ಚು. ದೊಡ್ಡದೇನಲ್ಲ. ಆದರೆ ಕೊಡವೂರಿನಿಂದ ಮಣಿಪಾಲಕ್ಕೆ ಅರ್ಧ ಗಂಟೆಯ ಓಟವೂ ಇಲ್ಲ. ಮಳೆಗಾಲದಲ್ಲಿ ವೈಪರ್, ಹೆಡ್‌ಲೈಟ್, ಎಸಿ ಫ್ಯಾನ್ ಎಲ್ಲ ಒಟ್ಟಿಗೆ ಓಡುತ್ತವೆ. ಹೋದದ್ದು ಪೂರ್ತಿ ವಾಪಸ್ ತುಂಬುವಷ್ಟು ಸಮಯ ಸಿಗುವುದೇ ಇಲ್ಲ. ಹಾಗಾಗಿ ಮಳೆಗಾಲಕ್ಕೆ 12.4, ಬೇಸಿಗೆಗೆ 12.2 ಎಂದು ಇಟ್ಟುಕೊಂಡಿದ್ದೇನೆ. ಮನೆಯ ಗೇಟಿನೊಳಗೆ ರಾತ್ರಿ ಪಾರ್ಕಿಂಗ್ ಮೋಡ್ ಆಫ್. ಅಲ್ಲಿ ಅದರ ಅಗತ್ಯ ಇಲ್ಲ.

ಬೇಸಿಗೆಯ ಸೆಕೆಗೆ ಮುಚ್ಚಿದ ಕಾರಿನೊಳಗೆ ಲಿಥಿಯಂ ಬ್ಯಾಟರಿ ಉಬ್ಬುವ ಭಯ ಇದ್ದದ್ದರಿಂದ ಅದರ ಬದಲು ಸೂಪರ್ ಕೆಪಾಸಿಟರ್ ಇರುವ ಕ್ಯಾಮೆರಾವನ್ನೇ ಕೊಂಡಿದ್ದೆ. ಮೆಮೊರಿ ಕಾರ್ಡ್ ಕೂಡ ಹೈ ಎಂಡ್ಯೂರೆನ್ಸ್ ಜಾತಿಯದು, ಅಂದರೆ ಸದಾ ರೆಕಾರ್ಡ್ ಮಾಡುತ್ತಿದ್ದರೂ ಬಾಳಿಕೆ ಬರುವಂಥದ್ದು.

ಉಳಿದಿರುವುದು ಹಿಂದಿನ ಕ್ಯಾಮೆರಾ. ಡಿಕ್ಕಿ ಬಾಗಿಲಿಗೆ ಹೋಗುವ ರಬ್ಬರ್ ಕೊಳವೆಯೊಳಗಿಂದಲೇ ಅದರ ವೈರ್ ದಾಟಿಸಬೇಕು. ಹೊರಗಿನಿಂದ ಎಳೆದರೆ ಬಾಗಿಲು ಹಾಕಿದಾಗೆಲ್ಲ ಜಜ್ಜುತ್ತದೆ, ಸಂದಿಯಿಂದ ಮಳೆ ನೀರೂ ಇಳಿಯುತ್ತದೆ. ಅದಕ್ಕೆ ಬೇಕಾದ ಗಟ್ಟಿ ತಂತಿ ತಂದಿಟ್ಟಿದ್ದೇನೆ. ಹಬ್ಬದ ರಜೆಯಲ್ಲಿ ಆ ಕೆಲಸಕ್ಕೆ ಕೈ ಹಾಕುತ್ತೇನೆ. ಜೊತೆಗೆ ಅರ್ತ್ ಬೋಲ್ಟನ್ನು ಇನ್ನೊಮ್ಮೆ ಅಳೆಯುತ್ತೇನೆ.